ಸುಂಕದವನ ಸುಖದುಃಖ

33 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮನುಷ್ಯ ನಾನು. ಸರಳಬಡ್ಡಿ, ಚಕ್ರಬಡ್ಡಿ, ಲಾಭ-ನಷ್ಟ, ಸರಾಸರಿ, ಇಷ್ಟನ್ನೂ ನಮ್ಮೂರಿನ ಅರ್ಧ ಜನಕ್ಕೆ ಬೆತ್ತದ ಸಮೇತ ಬಡಿಸಿದ್ದೇನೆ. ಹಾಗಿದ್ದೂ ಮನೆ ಕಂದಾಯ ಕಟ್ಟುವುದು ಮರೆತುಹೋಗಿ, ಮಾರ್ಚ್ ಮೊದಲ ವಾರದ ಒಂದು ಮಧ್ಯಾಹ್ನ ಪುರಸಭೆಯ ಕಂದಾಯ ಶಾಖೆಯ ಕಿಟಕಿಯೊಳಗೆ ತಲೆ ತೂರಿಸಿ ನಿಂತಿದ್ದೆ. ಒಳಗೆ ಕೂತಿದ್ದವನು ನನ್ನ ಹಳೇ ವಿದ್ಯಾರ್ಥಿ. ಒಂಬತ್ತನೇ ತರಗತಿಯಲ್ಲಿ ಕಡೇ ಬೆಂಚು, ಬಡ್ಡಿ ಲೆಕ್ಕದಲ್ಲಿ ಸೊನ್ನೆ.

"ಏಪ್ರಿಲ್‌ನಲ್ಲಿ ಕಟ್ಟಿದ್ರೆ ನೂರಕ್ಕೆ ಐದು ಬಿಡ್ತಿದ್ವಿ ಸಾರ್. ಮೇ, ಜೂನ್ ಅಂದ್ರೆ ಇದ್ದಷ್ಟು. ಜುಲೈಯಿಂದ ತಿಂಗಳಿಗೆ ನೂರಕ್ಕೆ ಎರಡು ದಂಡ. ಈಗ ಎಷ್ಟಾಯ್ತು, ನೀವೇ ಹೇಳಿ."

ಬೆರಳು ಮಡಚಿದೆ. ಜುಲೈಯಿಂದ ಮಾರ್ಚ್‌ವರೆಗೆ ಒಂಬತ್ತು. "ನೂರಕ್ಕೆ ಹದಿನೆಂಟು."

"ಸರಿಯಾದ ಉತ್ತರ ಸಾರ್" ಅಂದ. ಹಿಂದೆ ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು. ಅದರಲ್ಲಿ ಇಬ್ಬರು ಅವನ ಬೆಂಚಿನವರೇ.

ತೆರಿಗೆ 2,400, ದಂಡ 432. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ರಸೀದಿ ಇನ್ನೂ ಕೆಳಗಿಳಿಯುತ್ತಿತ್ತು. ತೆರಿಗೆಯ ಮೇಲೆ ನೂರಕ್ಕೆ 15 ಆರೋಗ್ಯ ಕರ, 360. ನೂರಕ್ಕೆ 6 ಗ್ರಂಥಾಲಯ ಕರ, 144. ನೂರಕ್ಕೆ 3 ಭಿಕ್ಷುಕರ ಕರ, 72. ಕಸಕ್ಕೆ ಬೇರೆ.

"ಭಿಕ್ಷುಕರ ಕರ ಅಂದ್ರೇನಯ್ಯಾ?"

"1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಸಾರ್. ಭಿಕ್ಷುಕರ ಪುನರ್ವಸತಿಗೆ. ನಮಗೇನೂ ಬರಲ್ಲ. ವಸೂಲಿ ಖರ್ಚಿಗೆ ಅಂತ ನೂರಕ್ಕೆ ಹತ್ತು ಹಿಡ್ಕೊಂಡು ಉಳಿದಿದ್ದು ಮೇಲಕ್ಕೆ ಕಳಿಸ್ತೀವಿ."

ಅಂದರೆ ನಾನು 72 ರೂಪಾಯಿ ಕೊಟ್ಟರೆ ನಮ್ಮೂರಿಗೆ ದಕ್ಕುವುದು 7 ರೂಪಾಯಿ 20 ಪೈಸೆ. ಗ್ರಂಥಾಲಯದ ದುಡ್ಡಿನ ಕಥೆಯೂ ಇಷ್ಟೇ. ಹೀಗೆ ವಸೂಲು ಮಾಡಿದ್ದನ್ನು ಮೇಲಕ್ಕೆ ಕಳಿಸದೆ ತಮ್ಮಲ್ಲೇ ಇಟ್ಟುಕೊಂಡ ಸ್ಥಳೀಯ ಸಂಸ್ಥೆಗಳ ಬಗ್ಗೆ ಲೆಕ್ಕಪರಿಶೋಧಕರು ಎಷ್ಟೋ ವರದಿಗಳಲ್ಲಿ ಬರೆದಿದ್ದಾರೆ. ರಸೀದಿ ನೋಡಿದ ನನ್ನ ಹೆಂಡತಿ ಮಾತ್ರ ಭಿಕ್ಷುಕರ ಕರದ ಮುಂದೆ ಬೆರಳಿಟ್ಟು, "ಇದೊಂದನ್ನ ತಪ್ಪದೆ ಕಟ್ತಾ ಇರಿ, ಮುಂದೆ ನಮಗೇ ಬೇಕಾಗುತ್ತೆ" ಅಂದಳು. ಅವಳ ಬಾಯಲ್ಲಿ ಮಚ್ಚೆ ಇದೆ.

ಆ ದಿನ ಸೀದಾ ಮನೆಗೆ ಬಂದಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಅವಮಾನವಾದವನು ಯಾವಾಗಲೂ ನೋಟಿಸ್ ಬೋರ್ಡ್ ಓದುತ್ತಾನೆ, ಎಲ್ಲಾದರೂ ಕಣ್ಣಿಡಬೇಕಲ್ಲ. ಅಲ್ಲಿ ಹರಾಜು ಪ್ರಕಟಣೆ ಅಂಟಿಸಿದ್ದರು. ವಾರದ ಸಂತೆ ಸುಂಕ, ಕುರಿ-ಮೇಕೆ ಸಂತೆ ಸುಂಕ, ಬಸ್ ನಿಲ್ದಾಣದ ಶೌಚಾಲಯ, ಕೆರೆ ಏರಿಯ ಹುಣಸೆಮರಗಳ ಫಸಲು. ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ವಸೂಲಿ ಹಕ್ಕು ಬಹಿರಂಗ ಹರಾಜು. 23 ವಾರ್ಡಿನ ಒಂದು ಊರು ವರ್ಷದ ಖರ್ಚಿಗೆ ಹುಣಸೆಹಣ್ಣನ್ನೂ ಕಕ್ಕಸನ್ನೂ ಕೂಗಿಸುವುದನ್ನು ನೋಡಿ ಮೊದಲು ನಗು ಬಂತು. ಆಮೇಲೆ ಲೆಕ್ಕ ಬಂತು. ಲೆಕ್ಕ ಬಂದಾಗಲೆಲ್ಲ ನನಗೆ ಕೆಟ್ಟದ್ದೇ ಆಗಿದೆ.

ನಮ್ಮದು ತುಮಕೂರು ಸೀಮೆ. ಮಂಗಳವಾರ ಸಂತೆ. ಆ ಮಂಗಳವಾರ ನೋಟ್‌ಬುಕ್ಕು ಹಿಡಿದು ಸಂತೆಮಾಳದ ಬೇವಿನ ಮರದ ಕೆಳಗೆ ಕೂತು, ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ವ್ಯಾಪಾರಿಗಳನ್ನು ಎಣಿಸಿದೆ. ಐದೈದಕ್ಕೊಂದು ಅಡ್ಡಗೆರೆ. ಒಟ್ಟು 412. ಒಬ್ಬರಿಗೆ ಹತ್ತು ರೂಪಾಯಿ, ವರ್ಷಕ್ಕೆ 52 ಸಂತೆ. 2,14,240 ರೂಪಾಯಿ. ಹೋದ ವರ್ಷ ಹರಾಜು ನಿಂತಿದ್ದು ಒಂದೂವರೆ ಲಕ್ಷದ ಹತ್ತಿರ ಅಂತ ಹಳೇ ವಿದ್ಯಾರ್ಥಿ ಹೇಳಿದ್ದ. ಇಷ್ಟು ಸುಲಭದ ಲೆಕ್ಕ ಊರಿನ ಗುತ್ತಿಗೆದಾರರಿಗೆ ತಿಳಿದಿಲ್ಲವಲ್ಲ ಅಂತ ಕನಿಕರವಾಯಿತು. ಎಲ್ಲ ಕಡೇ ಬೆಂಚಿನವರೇ, ಪಾಪ.

ಹರಾಜಿನ ದಿನ ಪುರಸಭೆ ಸಭಾಂಗಣ. ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಫೋಟೋಗಳ ಸಾಲು, ಕುರ್ಚಿಯಲ್ಲಿ ಅಧ್ಯಕ್ಷರು ಮಾತ್ರ ಇಲ್ಲ. 30 ತಿಂಗಳಿಗೊಮ್ಮೆ ಬದಲಾಗುವ ಆ ಕುರ್ಚಿಯ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡಿತ್ತು; ಎಸಿ ಸಾಹೇಬರೇ ಆಡಳಿತಾಧಿಕಾರಿ. ಗೆದ್ದ ಸದಸ್ಯರು ಅಧಿಕಾರವಿಲ್ಲದೆ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಿದ್ದರು. ಮುಖ್ಯಾಧಿಕಾರಿಗಳು ಬಂದು ಷರತ್ತು ಓದಿದರು. 15,000 ಠೇವಣಿ. ಸವಾಲು ನಿಂತ ಮೊತ್ತದಲ್ಲಿ ಅರ್ಧ ಅಂದೇ, ಉಳಿದದ್ದು ಎರಡು ಕಂತು. ರಸೀದಿಗೆ ಪುರಸಭೆ ಮೊಹರು ಕಡ್ಡಾಯ, ದರಪಟ್ಟಿ ಬೋರ್ಡು ಗುತ್ತಿಗೆದಾರನದೇ.

"ಸಂತೆ ಸುಂಕ. ಸರ್ಕಾರಿ ಸವಾಲು ಒಂದು ಲಕ್ಷದ ಐವತ್ತು ಸಾವಿರ."

ಹೆಗಲ ಮೇಲೆ ಕೆಂಪು ಟವೆಲಿನ ಹಳೇ ಗುತ್ತಿಗೆದಾರ ಆಕಳಿಸುತ್ತ "ಐವತ್ತೊಂದು" ಅಂದ. ಪಕ್ಕದವನು ಗಡ್ಡ ಕೆರೆದುಕೊಂಡು "ಐವತ್ತೆರಡು" ಅಂದ. ಇವರಿಬ್ಬರೂ ಬೆಳಗ್ಗೆ ಒಂದೇ ಬೈಕಿನಲ್ಲಿ ಬಂದಿದ್ದರು. ನಾನು ಎದ್ದು ನಿಂತು, ತರಗತಿಯಲ್ಲಿ ಹಾಜರಿ ಕೂಗುವ ಕಂಠದಲ್ಲಿ "ಅರವತ್ತು" ಅಂದೆ.

ಸಭೆ ನನ್ನ ಕಡೆ ತಿರುಗಿತು. ಹಳೇ ವಿದ್ಯಾರ್ಥಿ ದೂರದಿಂದ ಬೇಡ ಅನ್ನುವಂತೆ ತಲೆಯಾಡಿಸಿದ. ಬಡ್ಡಿ ಲೆಕ್ಕ ಬಾರದವನ ಸಲಹೆ ನನಗೇಕೆ? ಟವೆಲಿನವನು ಎದ್ದು ಕೂತ. ಆಮೇಲೆ ಅವನು ಕೂಗಿದಂತೆಲ್ಲ ನಾನು ಕೂಗಿದೆ. ಎಂಬತ್ತಕ್ಕೆ ಅವನು ಸುಮ್ಮನಾದ. ನಾನು ಎಂಬತ್ತೊಂದು ಅಂದೆ. ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ. ಟವೆಲಿನವನು ಬಂದು ಕೈಕುಲುಕಿ, ಎದುರು ಹೋಟೆಲಿಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದ. ಸೋತವನು ಗೆದ್ದವನಿಗೆ ಯಾಕೆ ಟೀ ಕೊಡಿಸುತ್ತಾನೆ ಅಂತ ಅವತ್ತೇ ಯೋಚಿಸಬೇಕಿತ್ತು.

"ಎಷ್ಟು ಎಣಿಸಿದ್ರಿ ಮೇಷ್ಟ್ರೇ?"

"412."

"ಯಾವ ಸಂತೆ?"

"ಈ ಮಂಗಳವಾರದ್ದು."

ಅವನು ಟೀಯನ್ನು ಸಾಸರಿಗೆ ಸುರಿದು ಊದಿದ. "ಅದು ಶಿವರಾತ್ರಿ ಸಂತೆ. ಗೆಣಸಿನವರು, ಕಲ್ಲಂಗಡಿಯವರು, ಕರಬೂಜದವರು ವರ್ಷಕ್ಕೊಂದು ದಿನ ಬರೋರು. ಮದುವೆ ದಿನ ಮನೆಗೆ ಹೋಗಿ, ಈ ಮನೇಲಿ ಎಷ್ಟು ಜನ ಅಂತ ಎಣಿಸಿದಂಗಾಯ್ತು ಬಿಡಿ."

ಸರಾಸರಿ ಅಧ್ಯಾಯವನ್ನು ನಾನು 33 ಸಲ ಪಾಠ ಮಾಡಿದ್ದೆ.

ನಾನು ಹಿಡಿದ ಈ ಸುಂಕಕ್ಕೂ ಒಂದು ಹಿನ್ನೆಲೆಯಿದೆ. ಹಿಂದಿನ ಕಾಲದಲ್ಲಿ ಊರೊಳಗೆ ಸರಕು ಬರುವಲ್ಲೇ ನಾಕಾ ಕಟ್ಟಿ ಆಕ್ಟ್ರಾಯ್ ಹಿಡಿಯುತ್ತಿದ್ದರು. ಬೆಂಗಳೂರಿನ ಸುಂಕದಕಟ್ಟೆ ಇವತ್ತಿಗೂ ಹೆಸರಿನಲ್ಲಿ ಸುಂಕ ಇಟ್ಟುಕೊಂಡಿದೆ. ಬೆಲ್ಲದ ಗಾಡಿಯ ಮೇಲೆ ಹುಲ್ಲು ಹೊದಿಸಿ ಮೇವು ಅಂತ ದಾಟಿಸಿದ ಕಥೆಯನ್ನು ನಮ್ಮಪ್ಪ ಸಾಯುವ ತನಕ ಹೇಳಿದರು, ಪ್ರತಿಸಲ ಬೆಲ್ಲದ ಅಚ್ಚು ಹೆಚ್ಚುತ್ತಿತ್ತು. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಯಿತು. ಲಾರಿಯವರಿಗೆ ಸುಖವಾಯಿತು, ಪುರಸಭೆಗಳು ಬೆಂಗಳೂರಿನ ಕಡೆ ಮುಖ ಮಾಡಿ ಕೂತವು. ಆದರೆ ಸಂತೆ ಸುಂಕ ಉಳಿಯಿತು. ಲಾರಿ ತಡೆಯುವುದು ಬೇಡ, ಸೊಪ್ಪಿನ ಬುಟ್ಟಿ ತಡೆದರೆ ಯಾರೂ ಕೇಳುವುದಿಲ್ಲ ಅಂತ ಇರಬೇಕು.

ಏಪ್ರಿಲ್‌ನ ಮೊದಲ ಮಂಗಳವಾರ. ಹೊಸ ರಸೀದಿ ಪುಸ್ತಕ, ಕಂಕುಳಲ್ಲಿ ಬ್ಯಾಗು, ಜೇಬಿನಲ್ಲಿ ಎರಡು ಪೆನ್ನು. ದರಪಟ್ಟಿ ಬೋರ್ಡನ್ನು ನಾನೇ ದುಂಡಕ್ಷರದಲ್ಲಿ ಬರೆದಿದ್ದೆ. ತಲೆಹೊರೆ 5, ಹಾಸು ಹಾಕಿದರೆ 10, ತಳ್ಳುಗಾಡಿ 20. ವಾರಕ್ಕೆ 3,481 ಬಂದರೆ ಬಂಡವಾಳ ಸರಿಹೋಗುತ್ತದೆ. ಅದನ್ನು ರಸೀದಿ ಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡಿದ್ದೆ.

ಮೊದಲು ಸಿಕ್ಕಿದ್ದು ಕೊತ್ತಂಬರಿ ಸೊಪ್ಪಿನ ಅಜ್ಜಿ. ಗೋಣಿತಾಟಿನ ಮೇಲೆ ಎಂಟ್ಹತ್ತು ಕಟ್ಟು, ಪಕ್ಕದಲ್ಲಿ ನೀರು ಚಿಮುಕಿಸಲು ಚೊಂಬು. ರಸೀದಿ ಹರಿದು ಮುಂದೆ ಚಾಚಿದೆ.

"ಬೋಣಿ ಆಗಿಲ್ಲ ಸ್ವಾಮಿ."

ಬೋಣಿಯಾಗದೆ ಗಂಟಿನಿಂದ ದುಡ್ಡು ತೆಗೆಯಬಾರದು. ಇದಕ್ಕೆ ಎದುರು ಹೇಳುವ ಕಾನೂನು ಯಾವ ಪುರಸಭೆಯಲ್ಲೂ ಇಲ್ಲ. ಸರಿ, ಆಮೇಲೆ ಬರ್ತೀನಿ ಅಂದೆ. ಪಕ್ಕದ ಬದನೆಕಾಯಿಯವನಿಗೂ ಬೋಣಿಯಾಗಿರಲಿಲ್ಲ. ಅದರಾಚೆಯ ಮೆಣಸಿನಕಾಯಿಗೂ ಇಲ್ಲ. ಬೆಳಗ್ಗೆ ಹತ್ತು ಗಂಟೆಗೆ ಇಡೀ ಸಂತೆಯಲ್ಲಿ ಯಾರಿಗೂ ಬೋಣಿಯಾಗಿರಲಿಲ್ಲ. ಹಾಗಾದರೆ ಚೀಲ ತುಂಬಿಕೊಂಡು ಹೋಗುತ್ತಿದ್ದ ಜನಕ್ಕೆ ತರಕಾರಿ ಎಲ್ಲಿಂದ ಬಂತು? ಕೊನೆಗೆ ದಾರಿ ಹೊಳೆಯಿತು: ನಾನೇ ಬೋಣಿ ಮಾಡಿದರೆ? ಅಜ್ಜಿಯ ಹತ್ತಿರ ಇಪ್ಪತ್ತು ರೂಪಾಯಿಗೆ ನಾಲ್ಕು ಕಟ್ಟು ಕೊಂಡೆ. ಅವಳು ನೋಟನ್ನು ಕಣ್ಣಿಗೊತ್ತಿಕೊಂಡು, ಅದನ್ನೇ ಮುರಿಸಿ ಹತ್ತು ರೂಪಾಯಿ ಸುಂಕ ಕೊಟ್ಟಳು. ಈ ಉಪಾಯದಲ್ಲಿ ಹದಿಮೂರು ಜನರಿಂದ ವಸೂಲು ಮಾಡಿದೆ. ಎರಡರಷ್ಟು ಖರ್ಚಾಯಿತು ಅಂತ ಆಮೇಲೆ ಗೊತ್ತಾಯಿತು.

ಮಧ್ಯಾಹ್ನದ ಮೇಲೆ ಹೋದರೆ? ಅರ್ಧ ಜನ ಗಂಟು ಕಟ್ಟಿಕೊಂಡು ಬಸ್ಸು ಹತ್ತಿಯಾಗಿತ್ತು. ಬೋಣಿ ಆದ ಮೇಲೆ, ಬಸ್ಸು ಬರುವ ಮುಂಚೆ, ಒಂದು ಮುಹೂರ್ತವಿದೆ. ಹನ್ನೊಂದೂಕಾಲರಿಂದ ಹನ್ನೆರಡೂವರೆ ಅಂತ ಟವೆಲಿನವನು ಶ್ರಾವಣದಲ್ಲಿ ಹೇಳಿಕೊಟ್ಟ, ಅದೂ ಕನಿಕರಕ್ಕೆ.

ಅದಕ್ಕಿಂತ ದೊಡ್ಡ ತೊಂದರೆ ವಿದ್ಯಾರ್ಥಿಗಳದ್ದು. "ಸಾರ್, ನಮಸ್ಕಾರ! ಗೊತ್ತಾಯ್ತಾ? ಸ್ಕೇಲಲ್ಲಿ ಹೊಡ್ದಿದ್ರಲ್ಲ" ಅಂತ ಒಬ್ಬ ಬಲಗೈ ಗಿಣ್ಣು ತೋರಿಸಿದ. ಅಂಥವನನ್ನು ಸುಂಕ ಕೇಳಲು ನಾಲಿಗೆ ಏಳುತ್ತದೆಯೆ? ಅವನೇ ಒಂದು ಕಟ್ಟು ನುಗ್ಗೆಕಾಯಿ ಚೀಲಕ್ಕೆ ತುರುಕಿದ. ಇನ್ನೊಬ್ಬ ಕುಂಬಳಕಾಯಿ ಕೊಟ್ಟ. ಅದನ್ನು ಹೊತ್ತುಕೊಂಡು ಉಳಿದವರ ಹತ್ತಿರ ಗತ್ತಿನಿಂದ ಸುಂಕ ಕೇಳುವುದು ಹೇಗೆ, ನೀವೇ ಒಂದು ಸಲ ಕುಂಬಳಕಾಯಿ ತಬ್ಬಿಕೊಂಡು ನೋಡಿ.

ಮೊದಲ ವಾರದ ವಸೂಲಿ 640 ರೂಪಾಯಿ. ಹೆಂಡತಿ ಸೊಪ್ಪುಗಳನ್ನೆಲ್ಲ ಅಡುಗೆಮನೆಯಲ್ಲಿ ಹರಡಿ, "ಪುರಸಭೆಯೋರು ಕಂತನ್ನ ಕೊತ್ತಂಬರೀಲಿ ತಗೋತಾರಾ ಕೇಳಿ" ಅಂದಳು. ಆ ವಾರ ನಾವು ಬಸ್ಸಾರು ಬಿಟ್ಟು ಬೇರೇನೂ ತಿನ್ನಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ನಿಮಗೂ ಗೊತ್ತು. ಏನು ಹೇಳಿದರೂ ಅವನು ಕರಗುವುದಿಲ್ಲ ಅಂತ ಅರ್ಥ. ಗಾದೆ ಮಾಡಿದವನು ನನ್ನನ್ನು ನೋಡಿರಲಿಲ್ಲ. ಒಬ್ಬೊಬ್ಬರ ಎದುರು ಹತ್ತು ಹತ್ತು ನಿಮಿಷ ಕುಕ್ಕರಗಾಲಿನಲ್ಲಿ ಕೂತು, ಸೊಸೆ ಜಗಳ, ಬೋರ್‌ವೆಲ್ ಬತ್ತಿದ್ದು, ಟೊಮ್ಯಾಟೊ ರೇಟು ಬಿದ್ದಿದ್ದು, ಎಲ್ಲ ಕೇಳುತ್ತಿದ್ದೆ. ಕೇಳಿದ ಮೇಲೆ ಕೈ ಚಾಚುವುದು ಹೇಗೆ? ಸೊಪ್ಪಿನ ಅಜ್ಜಿ ತನ್ನ ಗಂಡನಿಗೆ ಪಾರ್ಶ್ವವಾಯು ಆಗಿದ್ದನ್ನು ಎಲ್ಲರಿಗಿಂತ ಮುಂಚೆ ನನಗೇ ಹೇಳಿದಳು. ಎಷ್ಟೋ ಸಲ ರಸೀದಿ ಹರಿದುಕೊಟ್ಟು ದುಡ್ಡು ನನ್ನ ಜೇಬಿನಿಂದಲೇ ಬ್ಯಾಗಿಗೆ ಹಾಕಿದ್ದೇನೆ. ಲೆಕ್ಕ ಸರಿಯಿರಬೇಕಲ್ಲ.

ದುಃಖ ಮುಗಿದ ಮೇಲೆ ಶುರುವಾಗುತ್ತಿದ್ದದ್ದು ದೂರು. "ಸುಂಕ ಕೊಡ್ತೀವಿ, ಕುಡಿಯೋಕೆ ನೀರೆಲ್ಲಿ?" "ಹೆಂಗಸರು ಎಲ್ಲಿಗೆ ಹೋಗಬೇಕು?" "ಸಂಜೆ ಆರಕ್ಕೆ ದೀಪ ಇಲ್ಲ, ಚಿಲ್ಲರೆ ಎಣಿಸೋಕಾಗಲ್ಲ." ಬಾಳೆಹಣ್ಣಿನ ಗಾಡಿಯ ಹುಡುಗನೊಬ್ಬ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯನ್ನು ಮೊಬೈಲಿನಲ್ಲೇ ತೆಗೆದು ತೋರಿಸಿ, ಪಟ್ಟಣ ವ್ಯಾಪಾರ ಸಮಿತಿ ಸಭೆ ಯಾವಾಗ ಅಂತ ಕೇಳಿದ. ನಾನು ಗುತ್ತಿಗೆದಾರ ಕಣಪ್ಪ ಅಂದರೆ, "ಮೊಹರು ಪುರಸಭೆಯದ್ದಲ್ವಾ?" ಅಂದ. ಮೊಹರು ಪುರಸಭೆಯದ್ದೇ.

ಹೀಗೆ ಜೂನ್‌ನಲ್ಲಿ ಒಂದು ದಿನ, ಸಂತೆಮಾಳಕ್ಕೆ ಒಂದು ದೀಪ, ಒಂದು ನಲ್ಲಿ ಕೇಳೋಣ ಅಂತ ಮುಖ್ಯಾಧಿಕಾರಿಗಳ ಕೊಠಡಿಗೆ ಹೋದೆ. ಸಭ್ಯ ಮನುಷ್ಯ, ಕುರ್ಚಿ ಕೊಟ್ಟರು. "ದುಡ್ಡಿದೆ ಮೇಷ್ಟ್ರೇ, ಆದರೆ ಇದಕ್ಕಿಲ್ಲ" ಅಂದರು.

ಅವರು ಬಿಡಿಸಿ ಹೇಳಿದ್ದನ್ನು ನಾನು ನಮ್ಮ ಅಡುಗೆಮನೆಯ ಭಾಷೆಗೆ ಇಳಿಸಿಕೊಂಡೆ. ನನ್ನ ಹೆಂಡತಿ ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಚೀಟಿ ದುಡ್ಡು ಇಡುತ್ತಾಳೆ. ಹಾಲಿನವನು ಬಾಗಿಲಲ್ಲಿ ನಿಂತು ಕೂಗಿದರೂ ಮೆಂತ್ಯಕ್ಕೆ ಕೈ ಹಾಕುವುದಿಲ್ಲ. ಪುರಸಭೆಯೂ ಹಾಗೇ. ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ ವೇತನ ಅನುದಾನ ಒಂದು ಡಬ್ಬಿ, ಸಂಬಳಕ್ಕೆ ಮಾತ್ರ. ವಿದ್ಯುತ್ ಅನುದಾನ ಇನ್ನೊಂದು. ಬೀದಿದೀಪ ಮತ್ತು ನೀರಿನ ಪಂಪಿನ ಬಿಲ್ಲಿಗಾಗಿ ಅದು ಅಲ್ಲಿಂದಲೇ ವಿದ್ಯುತ್ ಕಂಪನಿಗೆ ಹೋಗುತ್ತದೆ. ನಮ್ಮೂರಿಗೆ ಅದರ ಸುದ್ದಿ ಮಾತ್ರ ಬರುತ್ತದೆ. ಆಗ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ನೂರಕ್ಕೆ 60 ಭಾಗ ಕಟ್ಟುಬಿದ್ದ ದುಡ್ಡು, ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ 40ರ ಮೇಲೆ 23 ವಾರ್ಡುಗಳ ಕಣ್ಣು.

"ನಲ್ಲಿ ಕುಡಿಯುವ ನೀರಲ್ವಾ ಸಾರ್?" ಅಂದೆ.

"ಹೌದು. ಆದರೆ ಈ ವರ್ಷದ ಕ್ರಿಯಾಯೋಜನೆ ಡಿಸಿ ಆಫೀಸಲ್ಲಿ ಮಂಜೂರಾಗಿಬಿಟ್ಟಿದೆ. ಅದರಲ್ಲಿ ಸಂತೆಮಾಳ ಇಲ್ಲ."

"ಹಾಗಾದರೆ ಸ್ವಂತ ದುಡ್ಡು? ನಾನು ಕಟ್ಟಿದ ತೊಂಬತ್ತು ಸಾವಿರದ ಐನೂರು?"

ಸ್ವಂತ ಸಂಪನ್ಮೂಲ ಅಂದರೆ ಮನೆ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಅಂಗಡಿ ಲೈಸೆನ್ಸು, ಕಟ್ಟಡ ಪರವಾನಗಿ, ನನ್ನ ಸಂತೆ, ಇನ್ಯಾರದೋ ಹುಣಸೆ. ಅದರಲ್ಲಿ ನೂರಕ್ಕೆ 24.10 ಪರಿಶಿಷ್ಟ ಜಾತಿ-ಪಂಗಡದವರ ಅಭಿವೃದ್ಧಿಗೆ, 7.25 ಇತರ ಬಡವರಿಗೆ, 5 ಅಂಗವಿಕಲರಿಗೆ ತೆಗೆದಿಡಬೇಕು. ಅದು ಆಗಲೇಬೇಕಾದ ಕೆಲಸ. ಉಳಿದದ್ದರಲ್ಲಿ ಟ್ರ್ಯಾಕ್ಟರಿನ ಡೀಸೆಲ್ಲು, ಬ್ಲೀಚಿಂಗ್ ಪೌಡರು, ಸುಟ್ಟುಹೋದ ಮೋಟಾರಿನ ರಿವೈಂಡಿಂಗು. ನನ್ನ ತೊಂಬತ್ತು ಸಾವಿರದಲ್ಲಿ ಬಹುಪಾಲು ಎರಡು ಮೋಟಾರು ಸುತ್ತಿಸಲು ಹೋಯಿತಂತೆ. ಆ ವಾರ ನಮ್ಮ ಬೀದಿಗೆ ನೀರು ಬಂದದ್ದು ನೆನಪಿದೆ. ಟ್ಯಾಂಕು ತುಂಬಿ ಹರಿಯುತ್ತಿದ್ದರೂ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ, ನನ್ನದೇ ದುಡ್ಡು ಹರಿಯುತ್ತಿದೆಯಲ್ಲ ಅಂತ.

ಪುರಸಭೆಗಳಂಥ ನಗರ ಸಂಸ್ಥೆಗಳ ಕುರಿತ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಯಾದಾಗ ನಾನು ಶಾಲೆಯಲ್ಲಿ ಅದರ ಬಗ್ಗೆ ಭಾಷಣವನ್ನೇ ಮಾಡಿದ್ದೆ. 12ನೇ ಅನುಸೂಚಿ, 18 ವಿಷಯಗಳು. ನಗರ ಯೋಜನೆಯಿಂದ ಹಿಡಿದು ಸ್ಮಶಾನ, ದನದ ದೊಡ್ಡಿ, ಕಸಾಯಿಖಾನೆ, ಬೀದಿದೀಪದವರೆಗೆ. ಕೆಲಸಗಳ ಪಟ್ಟಿ ಅಷ್ಟು ಚೆನ್ನಾಗಿ ಬಾಯಿಪಾಠವಾಗಿತ್ತು. ದುಡ್ಡಿನ ಪಟ್ಟಿ ಕೇಳುವ ಬುದ್ಧಿ ನನಗೂ ಬಂದಿರಲಿಲ್ಲ, ಮಕ್ಕಳಿಗೂ ಬರಲಿಲ್ಲ.

ದೀಪ ಕೊನೆಗೂ ಬಂತು. ಗಣೇಶನ ಹಬ್ಬದ ಪೆಂಡಾಲಿನವರು ಒಂದು ಹ್ಯಾಲೋಜನ್ ಬಿಟ್ಟುಹೋಗಿದ್ದರು. ಪುರಸಭೆಯ ಎಲೆಕ್ಟ್ರಿಷಿಯನ್ ಅದನ್ನೇ ಕಂಬಕ್ಕೆ ಕಟ್ಟಿದ. ಇದು ಯಾವ ಡಬ್ಬಿಗೂ ಸೇರದ ದೀಪ. ಅದು ಹತ್ತಿದ ದಿನ ಸಂತೆಯಲ್ಲಿ ನನಗೆ ಬಂದ ಮರ್ಯಾದೆ ನಿವೃತ್ತಿಯ ದಿನವೂ ಬಂದಿರಲಿಲ್ಲ. ಮುಂದಿನ ವಾರ ಬಲ್ಬು ಸುಟ್ಟುಹೋಯಿತು.

ಮಳೆಗಾಲದಲ್ಲಿ ಆರು ಸಂತೆ ಕೆಸರಿಗೆ ಹೋದವು. ಮಾರಿಹಬ್ಬದ ವಾರ ಸಂತೆಯೇ ಇಲ್ಲ. ಪಕ್ಕದ ಹೋಬಳಿಯಲ್ಲಿ ಹೊಸದೊಂದು ಸಂತೆ ಶುರುವಾಯಿತು, ಸುಂಕವಿಲ್ಲದ್ದು. ವರ್ಷ ಮುಗಿದಾಗ ನನ್ನ ಕೈಗೆ ಬಂದದ್ದು 97,415. ಪುರಸಭೆಗೆ ಕಟ್ಟಿದ್ದು ಮೊದಲರ್ಧ ಮತ್ತು ಒಂದು ಕಂತು ಸೇರಿ 1,35,750. ಎರಡನೇ ಕಂತು 45,250 ಬಾಕಿ. ಲಾಭವೋ ನಷ್ಟವೋ, ಉತ್ತರ ನಿಮಗೇ ಬಿಟ್ಟಿದ್ದೇನೆ. ಕಡೇ ಬೆಂಚಿನವರೂ ಮಾಡಬಹುದಾದ ಲೆಕ್ಕ. ಇದರ ನಡುವೆ ಮನೆ ಕಂದಾಯ ಈ ವರ್ಷವೂ ಜುಲೈ ದಾಟಿತು. ಮರೆವಿನ ನೆಪ ಈ ಸಲ ಇರಲಿಲ್ಲ, ದುಡ್ಡೇ ಇರಲಿಲ್ಲ.

ಮಾರ್ಚ್‌ನಲ್ಲಿ ಮತ್ತೆ ಹರಾಜು. ಷರತ್ತಿನಲ್ಲಿ ಹೊಸದೊಂದು ಸಾಲು: ಬಾಕಿದಾರರು ಭಾಗವಹಿಸುವಂತಿಲ್ಲ. ಸುಮ್ಮನೆ ಬಾಗಿಲ ಬಳಿ ನಿಂತಿದ್ದೆ. ಹಿಂದಿನ ವರ್ಷದ ಮೊತ್ತಕ್ಕೆ ನೂರಕ್ಕೆ ಹತ್ತು ಸೇರಿಸಿ ಸರ್ಕಾರಿ ಸವಾಲು ಇಟ್ಟಿದ್ದರು. 1,99,100. ಟವೆಲಿನವನು ತಲೆ ಎತ್ತಿ ಮುಖ್ಯಾಧಿಕಾರಿಗಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಮ್ಮಪ್ಪ ಸತ್ತಾಗಲೂ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಒಬ್ಬರೂ ಕೂಗಲಿಲ್ಲ. ಎರಡನೇ ದಿನಾಂಕ ಕೊಟ್ಟರು, ಆಗಲೂ ಇಲ್ಲ. ಮೂರನೇ ಸಲ ಟೀ ಕುಡಿಯಲಿಕ್ಕೂ ಯಾರೂ ಬರಲಿಲ್ಲ. ಗುತ್ತಿಗೆ ಇಲ್ಲದ ಕಾರಣ ಪುರಸಭೆಯ ಸಿಬ್ಬಂದಿಯೇ ವಸೂಲು ಮಾಡತಕ್ಕದ್ದು ಅಂತ ಆದೇಶವಾಯಿತು.

ಮೊನ್ನೆ ಮಂಗಳವಾರ ಬರೀ ಗಿರಾಕಿಯಾಗಿ ಸಂತೆಗೆ ಹೋಗಿದ್ದೆ. ಹನ್ನೊಂದೂವರೆ ಸಮಯ. ಅಜ್ಜಿಯ ಮುಂದೆ ನಮ್ಮ ಕಂದಾಯ ಶಾಖೆಯ ಹುಡುಗ ನಿಂತಿದ್ದ, ಕೈಯಲ್ಲಿ ನನ್ನದೇ ಹಳೇ ರಸೀದಿ ಪುಸ್ತಕದಂಥ ಪುಸ್ತಕ. ಅಜ್ಜಿ ಗಂಡನ ಕಾಲು, ಮೊಮ್ಮಗನ ಫೀಸು, ನೀರಿಲ್ಲದ ಬಾವಿ ಎಲ್ಲ ಹೇಳಿದಳು. ಅವನು ಹೂಂ, ಹೂಂ ಅಂತ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದ. ಚಾಚಿದ ಕೈ ಮಾತ್ರ ಹಿಂದಕ್ಕೆ ಹೋಗಲಿಲ್ಲ. ಮಾತು ಮುಗಿದಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಇಟ್ಟಳು.

ನಾನು ಮೆಲ್ಲಗೆ ಕುಂಬಳಕಾಯಿ ರಾಶಿಯ ಹಿಂದೆ ಸರಿಯುತ್ತಿದ್ದೆ. ಅವನು ನೋಡಿಬಿಟ್ಟ.

"ಸಾರ್, ನಮಸ್ಕಾರ. ನಿಮ್ಮದು ಎರಡನೇ ಕಂತು ಹಂಗೇ ನಿಂತಿದೆ. ಮನೆ ಕಂದಾಯಾನೂ ಸೇರಿ ಒಂದು ನೋಟಿಸ್ ರೆಡಿಯಾಗಿದೆ."

"ನೋಡಪ್ಪ" ಅಂದೆ, ಅವನ ಹೆಗಲ ಮೇಲೆ ಕೈಹಾಕಿ, "ನಿಮ್ಮ ಅಮ್ಮಾವ್ರಿಗೆ ಮೊದಲೇ ಮಂಡಿನೋವು, ಈ ವರ್ಷ ಮೆಟ್ಟಿಲು ಹತ್ತೋಕೇ ಆಗ್ತಿಲ್ಲ. ಡಾಕ್ಟರು ಆಪರೇಷನ್ ಅಂತಾರೆ. ಮೇಲೆ ತಾರಸಿ ಸೋರ್ತಾ ಇದೆ. ಪೆನ್ಷನ್ನು..."

"ಹೂಂ ಸಾರ್" ಅಂದ. "ಹೂಂ, ಹೇಳಿ."